ಹಳ್ಳ ಕಟ್ಟಿ ನೋಡಿದ ದಿನ

ಶಿಕಾರಿಪುರದಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಬಂದದ್ದು ಸೊರಬದ ಕಾಡಂಚಿನ ಊರಿಗೆ. ತೊಂಬತ್ತರ ದಶಕ ಬಂದರೂ ನಮ್ಮ ಮನೆಯ ತನಕ ಕರೆಂಟ್ ಬಂದಿರಲಿಲ್ಲ. ಬಿ.ಎ. ಕೊನೆಯ ವರ್ಷದ ಪರೀಕ್ಷೆ ಬರೆಯಲು ಗಂಡನ ಮನೆಯವರು ಒಪ್ಪಿದ್ದರು, ಸರಿ. ಆದರೆ ಹಗಲಿಡೀ ಕೊಟ್ಟಿಗೆ, ಒಲೆ, ಬಟ್ಟೆ. ಓದುವುದು ಯಾವಾಗ? ಸಂಜೆ ಲಾಟೀನಿನ ಮುಂದೆ ಕೂತರೆ ಹೊಗೆಗೆ ಕಣ್ಣುರಿ. "ಎಂಥಾ ಕತ್ತಲೆ ಮನೆಗೆ ಕೊಟ್ಟರಪ್ಪಾ ನನ್ನ!" ಎಂದು ಗಂಡನ ತಲೆ ತಿನ್ನುತ್ತಲೇ ಇದ್ದೆ.

ಕಡೆಗೆ ಅವರೇ ಒಂದು ಉಪಾಯ ತಂದರು. ಮನೆಯ ಮೇಲ್ಗಡೆ ಹರಿಯುವ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಕೆಳಗೊಂದು ಸಣ್ಣ ಟರ್ಬೈನ್ ತಿರುಗಿಸಿದರೆ ಬಲ್ಬು ಉರಿಯುತ್ತದಂತೆ. ನಾನು ಕುಣಿದಾಡಿದೆ. ಮಾವ ಮಾತ್ರ ಎಲೆ ಅಡಿಕೆ ಜಗಿಯುತ್ತಾ, "ಪೈಪಿನೊಳಗೆ ಹೋದ ನೀರು ಹಳ್ಳದಾಗೆ ಇರಲ್ಲ ಕಣ್ರೋ. ಮೊದ್ಲು ಒಂದಿನ ಹಳ್ಳ ಕಟ್ಟಿ ನೋಡಾಣ, ಆಮೇಲೆ ಪೈಪು ತನ್ನಿ" ಎಂದರು.

ಮಳೆ ಹಿಂದೆ ಸರಿದ ಮೇಲೆ ಒಂದು ಬೆಳಿಗ್ಗೆ ಮಣ್ಣು, ಸೊಪ್ಪು ಒಟ್ಟಿ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿದರು. ಎಲ್ಲರೂ ಹಳ್ಳದೊಳಗೇ ನಡೆದುಕೊಂಡು ಇಳಿದೆವು. ನೋಡನೋಡುತ್ತಿದ್ದಂತೆ ಕಲ್ಲುಗಳು ಒಣಗಿದವು. ಏಡಿಗಳು ದಿಕ್ಕೆಟ್ಟು ಓಡಿದವು. ಗುಂಡಿಗಳಲ್ಲಿ ಮೀನುಗಳು ಪಟಪಟ ಒದ್ದಾಡುತ್ತಿದ್ದವು. ಕೆಳಮನೆಯ ಎಮ್ಮೆ ನೀರು ಕುಡಿಯಲು ಬಂದು ಪೆಚ್ಚಾಗಿ ನಿಂತಿತ್ತು. ಅದರ ಯಜಮಾನಿ ಸೊಂಟಕ್ಕೆ ಕೈಯಿಟ್ಟು, "ಯಾರ್ರೀ ಅದು ಹಳ್ಳ ನುಂಗಿದೋರು?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಆ ಮೀನುಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿಕಟ್ಟಿ, ಕುಡಿಯುವ ನೀರಿಗೆಂದು ತಂದ ಚೊಂಬಿಗೆ ಅವನ್ನು ಬಳಿದು ಹಾಕಿಕೊಂಡು, ಕಾಲುವೆ ಮತ್ತೆ ಹಳ್ಳ ಸೇರುವಲ್ಲಿಗೆ ಓಡಿದೆ.

"ಅಯ್ಯೋ ಶಿವನೇ! ಲಿಂಗಪೂಜೆ ಮಾಡೋ ಮನೆ ಚೊಂಬು ಕಣೇ ಅದು!" ಅತ್ತೆ ಹಣೆ ಚಚ್ಚಿಕೊಂಡರು.

"ತಿನ್ನಾಕಲ್ರೀ ಅತ್ತೆ, ನೀರಿಗೆ ಬಿಡಾಕೆ!"

ಮಾವ ನಕ್ಕು ನಕ್ಕು ಬಂಡೆಯ ಮೇಲೆ ಕೂತೇಬಿಟ್ಟರು.

ಸಂಜೆ ಜಗಲಿಯಲ್ಲಿ ತೀರ್ಮಾನವಾಯಿತು: ಅರ್ಧ ನೀರು ಪೈಪಿಗೆ, ಅರ್ಧ ಹಳ್ಳಕ್ಕೆ. ಬೇಸಿಗೆಯಲ್ಲಿ ಹಳ್ಳ ಸೊರಗಿದರೆ ಪೈಪು ಬಂದ್. ದೀಪಾವಳಿ ಹೊತ್ತಿಗೆ ಬಲ್ಬು ಹತ್ತಿತು. ಅಬ್ಬಾ, ಆ ಸಂತೋಷವೇ! ಮಂಕಾಗಿ ಕೆಂಪಗೆ ಉರಿದರೂ ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ಚಳಿಗಾಲವಿಡೀ ಕಂಬಳಿ ಹೊದ್ದು ಓದಿದೆ.

ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಹಳ್ಳ ಹಗ್ಗದಷ್ಟು ಸಣ್ಣಗಾಗಿತ್ತು. ಉಳಿದ ನೀರನ್ನೆಲ್ಲ ಪೈಪಿಗೆ ಬಿಟ್ಟರಷ್ಟೇ ಬಲ್ಬು. "ಪರೀಕ್ಷೆ ಮುಗಿಯಾ ತನಕ ಇರ್ಲಿ ಬಿಡು" ಎಂದು ಮಾವನೇ ಮೆತ್ತಗಾದರು. ಅಂದು ಕೂಗಾಡಿದ ಕೆಳಮನೆಯ ಅಕ್ಕ ಕೂಡ ಬಂದು, "ಓದ್ಕ ಮಾರಾಯ್ತಿ, ನಮ್ಮ ಎಮ್ಮೆಗೆ ಬಾವಿ ನೀರು ಸೇದಿ ಹಾಕ್ತೀನಿ" ಎಂದಳು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವಳೊಟ್ಟಿಗೆ ಹಳ್ಳದ ತನಕ ಹೋದೆ. ಬಂಡೆಯ ಸಂದಿಯಲ್ಲಿ, ಇದ್ದಷ್ಟು ನೀರಿನಲ್ಲೇ, ಬೆರಳುದ್ದದ ಮೀನುಗಳು ಒತ್ತೊತ್ತಾಗಿ ನಿಂತಿದ್ದವು.

"ನಿಮ್ಮ ಎಮ್ಮೆಗೆ ಬಾವಿ ಐತೆ ಅಕ್ಕಾ. ಇವಕ್ಕೆ ಎಲ್ಲೈತೆ?" ಎಂದೆ. ಪೈಪಿನ ಬಾಯಿಗೆ ನಾನೇ ಹಳೇ ಬಟ್ಟೆ ತುರುಕಿದೆ.

ಆ ಸಲ ಇತಿಹಾಸದ ಪೇಪರಿನಲ್ಲಿ ಫೇಲಾದೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮಳೆ ಹಿಡಿದು ಹಳ್ಳ ತುಂಬಿದ ಮೇಲೆ ಮತ್ತೆ ಓದಿ, ಅಕ್ಟೋಬರ್‌ನಲ್ಲಿ ಪಾಸಾದೆ.