ಗಾರೆ ಒಳಗಿಂದ ಇಣುಕಿದ ಬ್ಲಾಕುಗಳು

ಕೋಲ್ಮನ್ ಬ್ಯಾರೆಟ್ ಯಾರನ್ನೂ ನಂಬೋ ಆಸಾಮಿ ಅಲ್ಲ. ಅಂಗಡೀಲಿ ಬೆಣ್ಣೆ ತಗೊಂಡ್ರೆ ಅಲ್ಲೇ ಕೈಯಲ್ಲಿ ತೂಗಿ ನೋಡ್ತಿದ್ದ. ದನದ ಡಾಕ್ಟರು ಬಂದ್ರೆ ಸೂಜಿ ನಿಜವಾಗ್ಲೂ ಒಳಗೆ ಹೋಯ್ತಾ ಅಂತ ಬಗ್ಗಿ ನೋಡ್ತಿದ್ದ. ರೇಡಿಯೋದಲ್ಲಿ ಮಳೆ ಅಂದ್ರೂ ಬಾಗಿಲಿಂದ ಕೈ ಚಾಚಿ, ಹನಿ ಬಿದ್ದ ಮೇಲೇ ಕೋಟು ಹಾಕ್ಕೋತಿದ್ದ.

ಹುಡುಗ ಆಗಿದ್ದಾಗ ಹಂಗಿರಲಿಲ್ಲ ಅಂತ ಅವನ ಅಕ್ಕ ಹೇಳ್ತಿದ್ಲು. ಇಂಗ್ಲೆಂಡಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಬಂದ ಮೇಲೆ ಹಿಂಗಾದ. ಅಲ್ಲೊಬ್ಬ ಮೇಸ್ತ್ರಿ ಸಿಮೆಂಟ್ ಉಳಿಸೋಕೆ ಗಾರೆಗೆ ನೀರು ಸುರಿಸಿ ಸುರಿಸಿ ಗಂಜಿ ಥರ ಮಾಡಿಸಿದ. ಒಂದು ಚಳಿಗಾಲ ಕಳೆಯೋದ್ರೊಳಗೆ ಗೋಡೆಯ ಗಾರೆ ಹಪ್ಪಳದ ಥರ ಎದ್ದು ಬಿತ್ತು. ಮೇಸ್ತ್ರಿ ಬೆರಳು ತೋರಿಸಿದ್ದು ಕಲಸಿದ ಕೋಲ್ಮನ್ ಕಡೆಗೆ. ಆಮೇಲೆ ಆ ಊರಲ್ಲಿ ಯಾರೂ ಅವನನ್ನ ಕೆಲಸಕ್ಕೆ ಸೇರಿಸಲಿಲ್ಲ. ಅವತ್ತಿಂದ ಗಾರೆ ಹತ್ರ ನೀರು ಕಂಡ್ರೆ ಅವನಿಗೆ ಕಳ್ಳನ್ನ ಕಂಡಂಗೆ.

ಊರಿಗೆ ವಾಪಸ್ ಬಂದ. ಬ್ರೀಜ್ ಅನ್ನೋ ಹುಡುಗೀನ ಮದುವೆ ಆದ. ಬೆಲ್ಮಲೆಟ್ ಪೇಟೆಗೆ ಹೋಗೋ ರಸ್ತೇಲಿ, ಅಪ್ಪನ ಹೊಲದ ಅಂಚಲ್ಲಿ ಸಿಮೆಂಟ್ ಬ್ಲಾಕಿನ ಮನೆ ಎಬ್ಬಿಸಿದ. ಬ್ಲಾಕ್ ಕಟ್ಟಿದ್ದು ತಾನೇ. ಹೊರಗಿನ ಗಾರೆಗೆ ಮಾತ್ರ ಬ್ರೀಜ್ ತಮ್ಮ ಜಾರ್ಲತ್‌ನ ಕರೀಬೇಕಾಯ್ತು. ಜಾರ್ಲತ್ ಸುತ್ತಮುತ್ತ ಹೆಸರು ಮಾಡಿದ ಗಾರೆಯವನು. ಆದ್ರೂ ಕೋಲ್ಮನ್ ಒಂದು ಸ್ಟೂಲು ಹಾಕ್ಕೊಂಡು ಎದುರಿಗೇ ಕೂತ.

ಮೇ ತಿಂಗಳು. ಮೂಡಗಾಳಿ ಬೀಸ್ತಿತ್ತು. ಸದಾ ಮಳೆ ಹೊಯ್ಯೋ ನಮ್ಮ ಕಡೆ ಅಪರೂಪಕ್ಕೆ ಬರೋ ಒಣ ಹವೆ.

"ಭಾವ, ಪೈಪ್ ಕೊಡು. ಗೋಡೆಗೆ ನೀರು ಹೊಡೀಬೇಕು," ಅಂದ ಜಾರ್ಲತ್.

"ಯಾಕೆ?"

"ಬ್ಲಾಕ್ ರಸ್ಕ್ ಥರ ಒಣಗಿದೆ. ಅದಕ್ಕೆ ಮೊದಲು ಕುಡಿಸಬೇಕು. ಇಲ್ಲಾಂದ್ರೆ ಗಾರೇಲಿರೋ ನೀರನ್ನೇ ಹೀರ್ಕೊಂಡುಬಿಡುತ್ತೆ. ಬ್ಲಾಕುಗಳ ಮಧ್ಯದ ಸಂದು ಅಷ್ಟು ಹೀರಲ್ಲ. ಒಂದೊಂದು ಕಡೆ ಒಂದೊಂದು ಥರ ಗಟ್ಟಿಯಾಗುತ್ತೆ."

"ಪೈಪ್ ನಿನ್ನ ಕೈಗೆ ಸಿಕ್ಕಿದ್ರೆ ಗೋಡೆಗೆ ಎಷ್ಟು ಹೋಯ್ತು, ಕಲಸಿದ ಗಾರೆಗೆ ಎಷ್ಟು ಹೋಯ್ತು ಅಂತ ನಂಗೇನು ಗೊತ್ತು?"

"ನಿನ್ನ ಕಣ್ಣೆದುರಿಗೇ ಹೊಡೀತೀನಲ್ಲ ಮಾರಾಯ!"

"ನಾನು ಮಧ್ಯೆ ಒಂದಕ್ಕೆ ಹೋಗ್ಬೇಡ್ವಾ?"

ಕೋಲ್ಮನ್ ಅಂಗಳದ ನಲ್ಲಿಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಇಳಿಸಿದ. ಕಲಸೋಕೆ ಬೇಕಾದ ನೀರನ್ನ ತಾನೇ ಡಬ್ಬದಲ್ಲಿ ಅಳೆದು ಕೊಟ್ಟ. ಜಾರ್ಲತ್ ಕರಣೆ ಬಿಸಾಕಿ ಹೊರಟೇ ಹೋಗ್ತಿದ್ದ. ಅಡುಗೆಮನೆ ಕಿಟಕೀಲಿ ಅಕ್ಕ ಬ್ರೀಜ್ ಮುಖ ಕಂಡಿತು. ಬಗ್ಗಿ ಕರಣೆ ಎತ್ತಿಕೊಂಡ.

ಬೇಸಿಗೆ ಪೂರ್ತಿ ಗೋಡೆ ಚೆನ್ನಾಗೇ ಕಾಣ್ತಿತ್ತು. ಅಕ್ಟೋಬರ್‌ನಲ್ಲಿ ಸಮುದ್ರದ ಕಡೆಯಿಂದ ಮಳೆ ಹಿಡೀತು. ಮಳೆ ನಿಂತು ಪಡುಗೋಡೆ ಆರೋಕೆ ಶುರುವಾದಾಗ ಗಾರೆ ಮೇಲೆ ಒಳಗಿನ ಬ್ಲಾಕುಗಳ ಗುರುತು ಸಾಲು ಸಾಲಾಗಿ ಎದ್ದು ಕಾಣ್ತು. ಬ್ಲಾಕಿಗೊಂದು ಬಣ್ಣ, ಸಂದಿಗೊಂದು ಬಣ್ಣ. ಪೂರ್ತಿ ಆರಿದ್ರೆ ಮಾಯ. ಮತ್ತೆ ನೆನೆದ್ರೆ ಹಾಜರು.

ಪಕ್ಕದ ಹೊಲದ ಫಿಂಟನ್ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದ. "ಏನೋ ಕೋಲ್ಮನ್, ನಿನ್ನ ಮನೆ ಅಂಗಿ ಬಿಚ್ಚಿ ನಿಂತಿದೆ! ಪಕ್ಕೆಲುಬೆಲ್ಲ ಎಣಿಸಬಹುದು. ಒಳಗೆ ಬ್ಲಾಕೇ ಪುಡಿಯಾಗ್ತಿದೆಯೋ ಏನೋ, ನೋಡ್ಕೋ."

ಕೋಲ್ಮನ್‌ಗೆ ಅನ್ನ ನೀರು ಸೇರಲಿಲ್ಲ. ಅಟ್ಟ ಹತ್ತಿ, ಗಾರೆ ಇಲ್ಲದ ಕಡೆ ಬ್ಲಾಕಿಗೆ ಮೊಳೆ ಹಾಕಿ ಕೆರೆದ. ಕಲ್ಲಿನಂಗಿತ್ತು. ಗೋಡೆ ಉದ್ದಕ್ಕೂ ಕೈ ಆಡಿಸಿದ. ಒಂದು ಕೂದಲೆಳೆ ಬಿರುಕೂ ಇಲ್ಲ. ಹಂಗಾದ್ರೆ ಬ್ಲಾಕಿನ ತಪ್ಪಲ್ಲ.

ಇನ್ನುಳಿದಿದ್ದು ಜಾರ್ಲತ್. ತೆಳ್ಳಗೆ ಬಳಿದಿರ್ಬೇಕು ಅಂತ ಕಣ್ಣಿಗೆ ಬೀಳದ ಮೂಲೇಲಿ ಉಳಿ ಹಾಕಿ ಕೆತ್ತಿ ನೋಡಿದ. ದಪ್ಪ ಸರಿಯಾಗೇ ಇತ್ತು. ಅದೂ ಅನುಮಾನಕ್ಕೇ ಆಯ್ತು. ದಪ್ಪ ಇದೆ ಅಂದ್ರೆ ಸಿಮೆಂಟ್ ಕಮ್ಮಿ ಹಾಕಿದಾನೆ, ಇನ್ನೇನು?

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಅದೇ ಗೋಡೇಲಿ, ಅಡುಗೆಮನೆ ಕಿಟಕಿ ಸುತ್ತ ಮಾತ್ರ ಒಂದು ಬ್ಲಾಕೂ ಕಾಣ್ತಿರಲಿಲ್ಲ. ಒಂದೇ ಬಣ್ಣ. ಹಾಲಿನ ಕೆನೆ ಇದ್ದಂಗೆ ಇತ್ತು.

"ಸಿಕ್ಕಿಬಿದ್ದ," ಅಂದ್ಕೊಂಡ ಕೋಲ್ಮನ್.

ಆ ಸಲ ಮನೆ ಪೂಜೆ ಸರದಿ ಅವರದು. ಸರದಿ ಬಂದ ಮನೆಗೆ ಚರ್ಚಿನ ಫಾದರ್ರೇ ಬಂದು ಅಡುಗೆಮನೆ ಮೇಜಿನ ಮೇಲೆ ಪೂಜೆ ಮಾಡ್ತಾರೆ. ಕೇರಿಯವರೆಲ್ಲ ಬರ್ತಾರೆ. ಪೂಜೆ ಆದ ಮೇಲೆ ಎಲ್ಲರಿಗೂ ತಿಂಡಿ. ಹಿಂದಿನ ದಿನ ಸಂಜೆ ಬ್ರೀಜ್ ಸೋಡಾ ಬ್ರೆಡ್ಡಿಗೆ ಹಿಟ್ಟು ಕಲಸ್ತಿದ್ಲು. ಕೋಲ್ಮನ್ ಬಾಗಿಲಲ್ಲಿ ನಿಂತ.

"ನಾಳೆ ನಿನ್ನ ತಮ್ಮನ್ನ ಎಲ್ಲರ ಮುಂದೆ ಕೇಳ್ತೀನಿ."

"ಏನಂತ?"

"ಕಿಟಕಿ ಸುತ್ತ ಯಾಕೆ ನೆಟ್ಟಗಿದೆ, ಮಿಕ್ಕಿದ್ದು ಯಾಕೆ ಹಿಂಗಿದೆ ಅಂತ. ನೀನು ನೋಡ್ತಿರ್ತೀಯ ಅಂತ ಅಷ್ಟು ಮಾತ್ರ ಸರಿಯಾಗಿ ಮಾಡಿದಾನೆ, ಕಳ್ಳ."

ಬ್ರೀಜ್ ಕೈ ನಿಂತಿತು. ಅಷ್ಟು ಜನರ ಮುಂದೆ ಆ ಮಾತು ಬಿದ್ರೆ ಜಾರ್ಲತ್ ಕಥೆ ಮುಗೀತು ಅಂತ ಅವಳಿಗೆ ಗೊತ್ತಿತ್ತು. ನಮ್ಮ ಕಡೆ ಗಾರೆಯವನ ಹೆಸರು ಒಂದು ಸಲ ಕೆಟ್ರೆ ಕೋಳಿಗೂಡು ಬಳಿಯೋಕೂ ಯಾರೂ ಕರೆಯಲ್ಲ.

"ಅದು ನೆಟ್ಟಗಿರೋದು ನನ್ನಿಂದ," ಅಂದ್ಲು.

"ನೀನ್ಯಾವಾಗ ಗಾರೆ ಕೆಲಸ ಕಲ್ತೆ?"

"ನೀನು ಹಾಲು ಕರೆಯೋಕೆ ಹೋದಾಗ ಪಾತ್ರೆ ತೊಳೆಯೋ ಬೋಗುಣಿಲಿ ನೀರು ತುಂಬಿ ಕಿಟಕಿಯಿಂದ ಕೊಟ್ಟೆ. ಅವನು ಬ್ರಷ್ ಅದ್ದಿ ಅದ್ದಿ ಬ್ಲಾಕಿಗೆ ಎರಚಿದ. ನಿಂತ ಕಡೆಯಿಂದ ಎಷ್ಟು ಎಟುಕ್ತೋ ಅಷ್ಟು. ನಿನ್ನ ಬೂಟಿನ ಸದ್ದು ಕೇಳ್ತಿದ್ದಂಗೆ ಬೋಗುಣಿ ಒಳಗೆ ಎಳ್ಕೊಂಡೆ."

"ನನ್ನ ಬೆನ್ನ ಹಿಂದೆ!"

"ಮುಂದೆ ಕೊಡೋಕೆ ನೀನು ಬಿಟ್ಟಿದ್ದೇನು?"

"ತಮ್ಮನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ತಿದೀಯ."

"ಹೋಗು, ನೀನೇ ಎರಚಿ ನೋಡ್ಕೋ."

ಅವನು ನಿಜವಾಗ್ಲೂ ಹೋದ. ಕಿಟಕಿ ಹತ್ರ ನಿಂತು ಸುಣ್ಣದ ಬ್ರಷ್ ಅದ್ದಿ ಎಡಕ್ಕೆ ಎರಚಿದ, ಬಲಕ್ಕೆ ಎರಚಿದ, ಕೈ ಎತ್ತಿ ಮೇಲಕ್ಕೆ ಎರಚಿದ. ಅರ್ಧ ನೀರು ತೋಳಿನೊಳಗೆ ಇಳೀತು. ಗೋಡೆ ಮೇಲೆ ಹನಿ ಹೋಗಿ ನಿಂತ ಕಡೆಗೇ ಚೊಕ್ಕ ಜಾಗದ ಅಂಚೂ ನಿಂತಿತ್ತು. ಕತ್ತಲಾಗೋ ತನಕ ಅಲ್ಲೇ ನಿಂತಿದ್ದ. ಒಳಗೆ ಬಂದವನೇ ಒದ್ದೆ ಅಂಗಿ ಬಿಚ್ಚಿ ಮಲಗಿಬಿಟ್ಟ. ನಾಳೆ ಏನು ಮಾಡ್ತಾನೋ ಅಂತ ಬ್ರೀಜ್‌ಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು. ಗೋಡೆ ಆರ್ತಾ ಇತ್ತು. ಬಂದವರೆಲ್ಲ ಆ ಪಕ್ಕೆಲುಬು ನೋಡ್ಕೊಂಡೇ ಒಳಗೆ ಬಂದ್ರು. ಪೂಜೆ ಮುಗೀತು. ಟೀ, ಮೊಟ್ಟೆ, ಹುರಿದ ಹಂದಿಮಾಂಸ ಮೇಜಿಗೆ ಬಂತು. ಬಾಯಿ ತುಂಬ ಬ್ರೆಡ್ ಇಟ್ಕೊಂಡೇ ಫಿಂಟನ್ ಶುರು ಮಾಡಿದ.

"ಜಾರ್ಲತ್, ಪಡುಗೋಡೆ ನಿನ್ನ ಕೈ ಕೆಲಸ ತಾನೇ?"

ಜಾರ್ಲತ್ ಟೀ ಲೋಟದೊಳಗೆ ನೋಡ್ತಾ ಕೂತ. ಅಕ್ಕನ ಮನೇಲಿ ಭಾವನ ಮೇಲೆ ದೂರು ಹೇಳೋ ಪೈಕಿ ಅಲ್ಲ ಅವನು. ಬ್ರೀಜ್ ಕೆಟ್ಲು ಹಿಡ್ಕೊಂಡು ಕೋಲ್ಮನ್ ಮುಖಾನೇ ನೋಡ್ತಿದ್ಲು.

"ನೀರು ಸಾಲಲಿಲ್ಲ," ಅಂದ ಕೋಲ್ಮನ್.

"ಎಲ್ಲಿ?"

"ಗೋಡೆಗೆ."

ಫಿಂಟನ್ ಮೇಜು ಬಡಿದ. "ನಮ್ಮೂರಲ್ಲಿ! ನೀರು ಸಾಲಲಿಲ್ವಂತೆ! ಫಾದರ್, ಕೇಳಿಸ್ಕೊಂಡ್ರಾ?"

ಫಾದರ್‌ಗೆ ಟೀ ನೆತ್ತಿಗೇರಿತು. ಕೋಲ್ಮನ್ ಕಿವಿ ಕೆಂಪಾಯ್ತು. ಆದ್ರೂ ಎದ್ದು ನಿಂತ.

"ಗೋಡೆ ಒಣಗಿತ್ತು. ಅವನು ಪೈಪ್ ಕೇಳಿದ. ನಾನು ನಲ್ಲಿಗೆ ಬೀಗ ಹಾಕಿದ್ದೆ. ಅವನ ಕೆಲಸದಲ್ಲಿ ತಪ್ಪಿಲ್ಲ."

ನಗು ಇನ್ನೂ ಜೋರಾಯ್ತು. ಎಲ್ಲಾ ಕೋಲ್ಮನ್ ಮೇಲೇ. ಅವನು ಅಷ್ಟನ್ನೂ ನಿಂತೇ ಕೇಳಿಸ್ಕೊಂಡ. ಜಾರ್ಲತ್ ಒಬ್ಬ ನಗಲಿಲ್ಲ. ಬ್ರೆಡ್ ತಟ್ಟೆ ಭಾವನ ಕಡೆ ತಳ್ಳಿದ.

ಹೊರಡೋವಾಗ ಫಿಂಟನ್ ಜಾರ್ಲತ್‌ನ ಹೆಗಲು ತಟ್ಟಿದ. "ನಮ್ಮ ಹೊಸ ಕೊಟ್ಟಿಗೆ ಬಳೀಬೇಕು. ಸೋಮವಾರ ಬಾ. ಮರಳು ನಾನೇ ತಂದು ಹಾಕಿರ್ತೀನಿ."

ಫಿಂಟನ್ ಗೇಟು ದಾಟೋ ತನಕ ಕೋಲ್ಮನ್ ಕಾದ. ಆಮೇಲೆ ಬಾಮೈದನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮರಳು ಅವನೇ ತರ್ತಾನಂತೆ, ಕೇಳಿಸ್ತಾ? ಸಮುದ್ರದ ದಂಡೆಯಿಂದ ತುಂಬ್ಕೊಂಡು ಬರ್ತಾನೆ, ನೋಡ್ತಿರು. ಉಪ್ಪು ಮರಳು. ಆಮೇಲೆ ಗಾರೆ ಬಿದ್ರೆ ನಿನ್ನ ಹೆಸರು ಹೇಳ್ತಾನೆ."

"ಫಿಂಟನ್ ಅಂಥವನಲ್ಲ ಭಾವ."

"ನಿಂಗೇನು ಗೊತ್ತು? ಸೋಮವಾರ ನಾನೂ ಬರ್ತೀನಿ. ನೀನು ಕರಣೆ ಮುಟ್ಟೋ ಮುಂಚೆ ಆ ಮರಳನ್ನ ನಾನು ನೆಕ್ಕಿ ನೋಡ್ಬೇಕು."