ಕ್ರೇನ್ ಹತ್ತದ ದಿನ

ನನ್ನ ಚಿಕ್ಕಪ್ಪ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ. ಎಲ್ಲರೂ ಅವನನ್ನು ಹದ್ದು ಅಂತಲೇ ಕರೆಯುತ್ತಿದ್ದರು. ನಾನು ಅಲ್ಲೇ ಕ್ಯಾಂಟೀನಿನಲ್ಲಿ ಚಹಾ ಕೊಡುತ್ತಿದ್ದೆ. ಕಿಟಕಿಯಿಂದ ಕತ್ತೆತ್ತಿ ನೋಡಿದರೆ ಬೆಂಕಿಪೊಟ್ಟಣದಷ್ಟು ಕಾಣುವ ಕ್ಯಾಬಿನ್, ಅದರೊಳಗೆ ಚಿಕ್ಕಪ್ಪ. ಮನೆಯಷ್ಟು ದೊಡ್ಡ ಕಬ್ಬಿಣದ ತುಂಡನ್ನು ಎತ್ತುತ್ತಿದ್ದ. ಅದು ಗಾಳಿಗೆ ತೂಗಾಡಿದರೆ ಅವಸರಪಡದೆ ಕಾಯುತ್ತಿದ್ದ. ಅದು ಸುಮ್ಮನಾದ ಮೇಲೆ, ನಿದ್ದೆ ಹತ್ತಿದ ಮಗುವನ್ನು ಹಾಸಿಗೆಗೆ ಹಾಕಿದ ಹಾಗೆ ಕೆಳಗಿಳಿಸುತ್ತಿದ್ದ. ಸದ್ದೇ ಇಲ್ಲ! ವೆಲ್ಡಿಂಗ್‌ನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅವರ ಚಹಾ ಆರಿ ತಣ್ಣಗಾಗುತ್ತಿತ್ತು.

ಅವನು ಕುಡಿಯುತ್ತಲೇ ಇರಲಿಲ್ಲ ಅಂತಲ್ಲ. ಶಿಫ್ಟ್ ಮುಗಿದ ಮೇಲೆ ಗೇಟಿನ ಎದುರಿನ ಬಾರಿನಲ್ಲಿ ಎಲ್ಲರ ಜೊತೆ ಕೂರುತ್ತಿದ್ದ. ಆದರೆ ಒಂದೇ ಗ್ಲಾಸು. ಯಾರಾದರೂ ಇನ್ನೊಂದು ಸುರಿಯಲು ಬಂದರೆ ಕೈ ಅಡ್ಡ ಇಟ್ಟು, "ಬೇಡಪ್ಪಾ, ಬೆಳಗ್ಗೆ ಹತ್ತಬೇಕು" ಅನ್ನುತ್ತಿದ್ದ. ಆ ಒಂದು ಮಾತೇ ಅವನಿಗೆ ಬೇಲಿಯಾಗಿತ್ತು.

ಕಾರ್ಖಾನೆ ಮುಚ್ಚಿದಾಗ ಆ ಬೇಲಿ ಕಿತ್ತುಹೋಯಿತು. ಮೊದಮೊದಲು ಚಿಕ್ಕಪ್ಪ ಕೆಲಸಕ್ಕಾಗಿ ಊರೆಲ್ಲ ತಿರುಗಿದ. ಹೋದಲ್ಲೆಲ್ಲ "ಕ್ರೇನ್ ಬಿಟ್ಟು ಬೇರೇನು ಬರುತ್ತೆ?" ಅನ್ನುವ ಪ್ರಶ್ನೆ. ಚಿಕ್ಕಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಅವಳೆದುರು ಸುಮ್ಮನೆ ಕೂರಲು ನಾಚಿಕೆಯಾಗಿ ಇವನು ಹೊರಗೆ ಹೋಗುತ್ತಿದ್ದ. ಹೊರಗೆ ಅಂದರೆ ಎಲ್ಲಿಗೆ? ಅದೇ ಬಾರಿಗೆ. "ಪಾಪ, ಕೆಲಸ ಹೋಯ್ತು, ಅದಕ್ಕೇ ಕುಡೀತಾನೆ" ಅನ್ನುತ್ತಿದ್ದ ಜನರೇ ಬರಬರುತ್ತಾ, "ಕುಡುಕನಿಗೆ ಯಾರು ಕೆಲಸ ಕೊಡ್ತಾರೆ?" ಅನ್ನತೊಡಗಿದರು.

ಒಂದು ಮಧ್ಯಾಹ್ನ ಚಿಕ್ಕಮ್ಮ ಮಿಷನ್ ನಿಲ್ಲಿಸಿ ಕೇಳಿಯೇಬಿಟ್ಟಳು. "ರೀ, ಕೆಲಸ ಕಿತ್ಕೊಂಡಿದ್ದು ಅವರು, ಒಪ್ಕೋತೀನಿ. ಬಾಟ್ಲಿ ಕೈಗೆ ಕೊಟ್ಟಿದ್ದು ಯಾರು?"

ಚಿಕ್ಕಪ್ಪ ಗೋಡೆ ನೋಡುತ್ತಾ ಹೇಳಿದ: "ಬೆಳಗ್ಗೆ ಏಳೋಕೆ ಒಂದು ಕಾರಣ ಬೇಕಲ್ವೇನೇ? ಅದಿಲ್ಲ ಅಂದ್ಮೇಲೆ ರಾತ್ರಿ ನಿಲ್ಸೋಕೆ ಎಲ್ಲಿಂದ ತರಲಿ?"

ಹೀಗೇ ಕೆಲವು ವರ್ಷ ಕಳೆದವು. ಆಮೇಲೆ ಹೊಸ ಮಾಲೀಕರು ಬಂದು ಕಾರ್ಖಾನೆಯ ಬಾಗಿಲು ತೆರೆದರು. ನನ್ನನ್ನೂ ಕ್ಯಾಂಟೀನಿಗೆ ಕರೆದರು. ಒಂದು ದೊಡ್ಡ ಹಡಗಿನ ಹೊಟ್ಟೆಯೊಳಕ್ಕೆ ಎಂಜಿನ್ ಇಳಿಸಬೇಕಿತ್ತು. "ಹದ್ದನ್ನ ಕರೆಸಿ, ಅವನ ಹೊರತು ಇನ್ಯಾರ ಕೈಲೂ ಆಗಲ್ಲ" ಅಂದ ಹಳೇ ಮೇಸ್ತ್ರಿ. ಈಗ ಕಾಯಂ ನೌಕರಿಯಲ್ಲ, ಗುತ್ತಿಗೆ. ಆದರೇನು? ಚಿಕ್ಕಪ್ಪ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹಳೆಯ ಜೊತೆಗಾರರು ಬೆನ್ನು ತಟ್ಟಿದರು. ಎಂಜಿನ್ನಿಗೆ ಸರಪಳಿ ಬಿಗಿದು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿಯಾಗಿತ್ತು. ಹಡಗಿನೊಳಗೆ ಜನ ತಮ್ಮ ತಮ್ಮ ಜಾಗದಲ್ಲಿ ನಿಂತಾಗಿತ್ತು. ಚಿಕ್ಕಪ್ಪ ಏಣಿಯ ಮೆಟ್ಟಿಲಿಗೆ ಕೈ ಹಾಕಿದ. ಕಾಲು ಮಾತ್ರ ಎತ್ತಲಿಲ್ಲ.

"ಮೇಸ್ತ್ರಿ, ನಾನು ಹತ್ತಲ್ಲ."

"ಯಾಕಯ್ಯಾ? ಕೈ ನಡುಗ್ತಿದ್ಯಾ?"

"ಇಲ್ಲ. ನಡುಗ್ತಿಲ್ಲ, ಅದೇ ತೊಂದರೆ. ಬೆಳಗ್ಗೆ ಹಾಕ್ಕೊಂಡು ಬಂದಿದೀನಿ, ಅದಕ್ಕೇ ನಿಂತಿದೆ. ಹಾಕದಿದ್ರೆ ಕೈ ಕೇಳಲ್ಲ, ಹಾಕಿದ್ರೆ ಕಣ್ಣು ನಂಬೋ ಹಾಗಿಲ್ಲ. ಒಳಗೆ ಜನ ಇದಾರೆ."

ಮೇಸ್ತ್ರಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ವಾಸನೆ ಕೂಡ ಇಲ್ವಲ್ಲೋ. ಯಾರಿಗೆ ಗೊತ್ತಾಗ್ತಿತ್ತು?" ಅಂದ.

"ಕೊಕ್ಕೆಗೆ ಗೊತ್ತಾಗ್ತಿತ್ತು" ಅಂದ ಚಿಕ್ಕಪ್ಪ.

ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಹಗಲೂ ರಾತ್ರಿ ಯಾವ ಕೆಲಸಕ್ಕಾಗಿ ಹಂಬಲಿಸಿದ್ದನೋ ಅದು ಕೈಗೆ ಬಂದಿತ್ತು. ಅದನ್ನು ಈ ಮನುಷ್ಯ ಎಲ್ಲರೆದುರು ತಾನಾಗಿಯೇ ಕೆಳಗಿಟ್ಟಿದ್ದ. ಅವನು ಎಂತೆಂಥಾ ಭಾರ ಎತ್ತಿದ್ದನ್ನು ನಾನು ಕಂಡಿದ್ದೇನೆ. ಆದರೆ ಮೈಮೇಲೆ ಮುಳ್ಳೆದ್ದದ್ದು ಅವತ್ತೇ.

ಹಡಗಿನೊಳಗಿಂದ ಫಿಟ್ಟರ್ ಒಬ್ಬ ಮೇಲೆ ಬಂದ. ಎಂಜಿನ್ ಇಳಿಯುವ ಜಾಗದ ಪಕ್ಕದಲ್ಲೇ ನಿಂತಿದ್ದವನು ಅವನು. ಬಂದವನೇ ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಂಡ.

ಮರುದಿನ ಚಿಕ್ಕಮ್ಮ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. "ಇಷ್ಟು ವರ್ಷದ ಕುಡಿತವನ್ನ ಮನೇಲಿ ಒಮ್ಮೆಲೇ ನಿಲ್ಸೋಕೆ ಹೋದ್ರೆ ಜೀವಕ್ಕೇ ಕುತ್ತು, ಇಲ್ಲೇ ಇರಲಿ" ಅಂದರು ಡಾಕ್ಟರು. ವಾರ್ಡಿನಲ್ಲಿ ಅವನು ಹಾಸಿಗೆಯೇ ಅಲ್ಲಾಡುವಂತೆ ನಡುಗಿದ, ಬೆವರಿದ, ಇಲ್ಲದವರ ಜೊತೆ ಮಾತಾಡಿದ. ಚಿಕ್ಕಮ್ಮ ಅವನ ಪಕ್ಕ ಕೂತು ಬೇರೆಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

ಅವನು ಹೊರಬಂದಾಗ ಮೇಸ್ತ್ರಿ ಮನೆಗೇ ಬಂದ. "ಹತ್ತೋದು ಬೇಡ. ಕೆಳಗೆ ನಿಂತು ಕ್ರೇನಿಗೆ ಸನ್ನೆ ಮಾಡ್ತೀಯಾ? ನಿನ್ನಂಥವನು ಸುಳ್ಳು ಸನ್ನೆ ಮಾಡಲ್ಲ." ಚಿಕ್ಕಪ್ಪ ಒಪ್ಪಿದ. ಎಲ್ಲ ಸಲೀಸಾಯಿತು ಅಂತಲ್ಲ. ಒಂದು ಸಲ ಗುತ್ತಿಗೆ ನಿಂತುಹೋಗಿ ಮನೆಯಲ್ಲಿ ಕೂತಾಗ ಮತ್ತೆ ಬಾಟ್ಲಿ ಹಿಡಿದ. ಆದರೆ ಆ ಸಲ ಯಾರೂ ಕೈಹಿಡಿದು ಕರೆದುಕೊಂಡು ಹೋಗಬೇಕಾಗಲಿಲ್ಲ. ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ತಾನೇ ವಾರ್ಡಿಗೆ ನಡೆದ.

ಆಮೇಲೆ ಅವನು ಕುಡಿದದ್ದನ್ನು ನಾವು ಕಂಡಿಲ್ಲ. ಈಗ ರಜೆಯ ದಿನ ಆ ವಾರ್ಡಿಗೆ ಹೋಗಿ ಹೊಸಬರ ಜೊತೆ ಕೂರುತ್ತಾನೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಒಬ್ಬ, ಬಂದಾಗಿನಿಂದ ಡಾಕ್ಟರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲವಂತೆ. ಎಷ್ಟು ಕುಡಿಯುತ್ತೀಯ, ಯಾಕೆ ಕುಡಿಯುತ್ತೀಯ ಅಂತ ಚಿಕ್ಕಪ್ಪ ಕೇಳಲೇ ಇಲ್ಲ. ಸ್ಟೂಲು ಎಳೆದುಕೊಂಡು ಕೂತು, "ಏನು ಕೆಲಸ ಮಾಡ್ತಿದ್ರಿ ಅಣ್ಣಾ?" ಅಂದ.

ಗೋಡೆಯ ಕಡೆಯಿಂದಲೇ, "ಬೇಕರಿ" ಅಂತ ಒಂದು ಸಣ್ಣ ದನಿ.

"ಒಲೆ ಕಾದಿದೆ ಅಂತ ಹೇಗೆ ಗೊತ್ತಾಗುತ್ತೆ ನಿಮಗೆ?"

ಆ ಮನುಷ್ಯ ಮೆಲ್ಲಗೆ ನಮ್ಮ ಕಡೆ ತಿರುಗಿದ. ಒಲೆಯ ಬಾಯಿಗೆ ಚಿಟಿಕೆ ಹಿಟ್ಟು ಎರಚಿ ಅದು ಕೆಂಪಾಗುವುದನ್ನು ಹೇಗೆ ನೋಡಬೇಕು ಅಂತ ಹೇಳತೊಡಗಿದ. ಹೇಳುತ್ತಾ ಹೇಳುತ್ತಾ ಎದ್ದು ಕೂತ.