ಸುಣ್ಣದ ಗೆರೆಯ ಮನೆಗಳು

ಹಗರಿಬೊಮ್ಮನಹಳ್ಳಿಯ ಇಂಜಿನಿಯರೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷ ನಾನು ಮನೆಗಳ ಪ್ಲ್ಯಾನ್ ಬರೆದೆ. ಸಿವಿಲ್ ಡಿಪ್ಲೊಮಾ ಮುಗಿಸಿದ ವರ್ಷವೇ ಸೇರಿದ್ದು. ಬರೆಯುವುದು ನಾನು, ಸಹಿ ಅವರದು. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಅವರು ಕಚೇರಿಯನ್ನು ಹೊಸಪೇಟೆಗೆ ಎತ್ತಿಕೊಂಡು ಹೋದಾಗ ಯೋಚನೆಗೆ ಬಿದ್ದೆ. ನನ್ನ ಮನೆ ಕೊಟ್ಟೂರಿನಲ್ಲಿ, ಮಗಳಿನ್ನೂ ಮೂರನೇ ಕ್ಲಾಸು; ದಿನಾ ಅಷ್ಟು ದೂರ ಹೋಗಿ ಬರುವುದು ಆಗದ ಮಾತು. ಕಚೇರಿಯ ಹಳೆಯ ಕಂಪ್ಯೂಟರನ್ನು ಅವರಿಂದಲೇ ಕೊಂಡು ನಮ್ಮ ಪಡಸಾಲೆಯಲ್ಲಿಟ್ಟೆ. ಪರವಾನಗಿಗೆ ಬೇಕಾದಲ್ಲಿ ತಾವೇ ನೋಡಿ ಸಹಿ ಮಾಡುವುದಾಗಿ ಅವರು ಒಪ್ಪಿದರು.

ಮೊದಮೊದಲು ಬಂದವರು ಬಾಗಿಲಲ್ಲಿ ನಿಂತು ನನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದರು.

"ಸಾಹೇಬ್ರು ಅದಾರನ್ರಿ?"

"ನಾನs ಪ್ಲ್ಯಾನ್ ಹಾಕೋದ್ರಿ. ಬರ್ರಿ, ಕುಂದರ್ರಿ."

"ಇರ್ಲಿ ಬಿಡ್ರಿ ಅಕ್ಕಾರ, ಆಮ್ಯಾಲ ಬರ್ತೀವಿ."

ಹಾಗೆ ಹೋದವರು ಬರುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೆ ಹೂವಿನಹಡಗಲಿಯಿಂದ ಒಂದು ಕೆಲಸ ಸಿಕ್ಕಿತು. ಮಲ್ಲಿಗೆ ಬೆಳೆಯುವ ಮನೆತನ. ಯಜಮಾನರು ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದುಕೊಂಡು ಬಂದಿದ್ದರು: ಮೂರು ಬೆಡ್‌ರೂಮು, ದೊಡ್ಡ ಹಾಲು, ಮುಂದೆ ಕಾರು ನಿಲ್ಲುವಷ್ಟು ಜಾಗ. ಅವರು ಹೇಳಿದ್ದಕ್ಕಿಂತ ಚಂದ ಬರೆದುಕೊಟ್ಟೆ. ಗೋಡೆಗಳು ಕಿಟಕಿಯ ಮೇಲ್ಮಟ್ಟಕ್ಕೆ ಬಂದಾಗ, ನೋಡಿ ಹೆಮ್ಮೆಪಡೋಣ ಎಂದೇ ಬಸ್ಸು ಹತ್ತಿ ಹೋದೆ.

ಮನೆಯಾಕೆ ಹಾಲ್‌ನ ನಡುವೆ ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು, "ಅಕ್ಕಾರ, ಹೊಲದಿಂದ ಹೂವು ಬಂದ್ರ ಎಲ್ಲಿ ಸುರುವೋದ್ರಿ? ನಾವು ಐದು ಮಂದಿ ಕುಂತು ಎಲ್ಲಿ ಕಟ್ಟೋದು?"

ಆ ಮನೆಯ ಅನ್ನವೇ ಹೂವಿನದು. ಬಿಸಿಲು ತಾಗದ, ತಣ್ಣಗಿನ ಒಂದು ಜಾಗ ಬೇಕು ಎಂಬುದು ಆಕೆಗೆ ಗೊತ್ತಿತ್ತು. ನಾನು ಆಕೆಯನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ನಾನೂ ಹೆಂಗಸೇ ಆಗಿ, ಬಾಗಿಲಲ್ಲಿ ನಿಂತವರು ನನಗೆ ಮಾಡಿದ್ದನ್ನೇ ನಾನು ಆಕೆಗೆ ಮಾಡಿದ್ದೆ. ಕೊನೆಗೆ ಹಿಂದಿನ ಬೆಡ್‌ರೂಮಿನ ಗೋಡೆ ಒಡೆಸಬೇಕಾಯಿತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಆ ಮನೆಯ ಮೇಸ್ತ್ರಿ ಹರಪನಹಳ್ಳಿಯ ಸಾಬರು, ಅರವತ್ತು ದಾಟಿದವರು. ಒಡೆದ ಇಟ್ಟಿಗೆ ಆರಿಸಿಡುತ್ತಾ ಅವರೆಂದರು, "ನಿನ್ನ ಗೆರಿ ತಪ್ಪಿಲ್ಲಮ್ಮ. ಕಾಗದದ ಮ್ಯಾಲಿನ ಮನಿ ಯಾರಿಗೆ ತಿಳಿತೈತಿ? ನಾವು ಪಾಯಕ್ಕ ಸುಣ್ಣದ ಗೆರಿ ಹಾಕ್ತೀವಲ್ಲ, ಅವಾಗ ಮನಿ ಮಂದಿ ಕಣ್ಣಿಗೆ ಬೀಳ್ತೈತಿ. ಆದ್ರ ಅಷ್ಟೊತ್ತಿಗೆ ಅಗ್ಯಾವ್ರು ಗುದ್ಲಿ ಹಿಡಕೊಂಡು ನಿಂತಿರ್ತಾರ."

ಊರಿಗೆ ಬರುವ ಬಸ್ಸಿನಲ್ಲಿ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಸುಣ್ಣವನ್ನು ಮೊದಲೇ ಹಾಕಿದರೆ?

ಮುಂದಿನ ಕೆಲಸ ತಂಬ್ರಹಳ್ಳಿಯದು. ಮೇಸ್ತ್ರಿಯೇ ಹೇಳಿ ಕಳಿಸಿದ್ದು. ಅಣ್ಣತಮ್ಮಂದಿರು ತಾಯಿಯೊಡನೆ ಕೂಡಿ ಬಾಳುವ ಮನೆ. ಕಚ್ಚಾ ಪ್ಲ್ಯಾನ್ ಹಿಡಿದು, ಟೇಪು, ದಾರ, ಒಂದು ಚೀಲ ಸುಣ್ಣದ ಪುಡಿಯೊಂದಿಗೆ ಹೋದೆ. ಖಾಲಿ ಜಾಗದಲ್ಲಿ ಪೂರಾ ಅಳತೆಯಲ್ಲಿ ಗೆರೆ ಎಳೆದೆ. ಒಲೆ ಎಲ್ಲಿ, ಮಂಚ ಎಲ್ಲಿ, ಬಚ್ಚಲು ಎಲ್ಲಿ, ಎಲ್ಲವನ್ನೂ ನೆಲದ ಮೇಲೇ ಬರೆದೆ. ಮನೆಯವರನ್ನೆಲ್ಲ ಕರೆಸಿ, "ಒಳಗ ಬರ್ರಿ, ಓಡಾಡ್ರಿ," ಎಂದೆ.

ತಾಯಿ ನೆಟ್ಟಗೆ ಬಂದವರೇ ಗೆರೆ ತುಳಿದರು. ಹಿರಿಯ ಮಗ ನಕ್ಕ. "ಯವ್ವಾ, ಗ್ವಾಡಿ ತೂರಿಕೊಂಡು ಬಂದ್ಯಲ್ಲ!"

"ಮತ್ತ ಬಾಗ್ಲ ಆ ಕಡೆ ಯಾಕ ಇಟ್ಟೀರಿ? ನನ್ನ ಮೊಣಕಾಲಿಗೆ ಸುತ್ತು ಹಾಕಾಕ ಆಗಂಗಿಲ್ಲ," ಎಂದರು ಮುದುಕಿ. ಆ ಬಾಗಿಲು ಅಲ್ಲೇ ಜಾಗ ಬದಲಿಸಿತು.

ಕಿರಿಯ ಸೊಸೆ ಮಾತ್ರ ಅಡುಗೆಮನೆಯ ಗೆರೆಯ ಹೊರಗೇ ನಿಂತಿದ್ದಳು. ಒಳಗೆ ಬರಲು ಹೇಳಿದೆ. ಬಂದಳು, ಒಲೆಯ ಮುಂದೆ ನಿಂತಳು, ಹೊರಳಿ ನೋಡಿದಳು. ಅಲ್ಲೇ ನಿಂತಿದ್ದ ಹಿರಿಯ ಸೊಸೆಗೂ ಅವಳಿಗೂ ನಡುವೆ ಮೊಳದಷ್ಟೂ ಅಂತರವಿರಲಿಲ್ಲ. ಅವಳು ಬಗ್ಗಿ, ಒಂದು ಹಿಡಿ ಸುಣ್ಣ ತಗೊಂಡು, ಹಿತ್ತಲ ಕಡೆ ಸಣ್ಣದೊಂದು ಚೌಕ ಬರೆದಳು.

"ನಂದೊಂದು ಒಲಿ ಇಲ್ಲಿರಲಿ."

ಕೂಡಿದ ಮನೆಯಲ್ಲಿ ಎರಡನೇ ಒಲೆ ಎಂದರೆ ಮನೆ ಒಡೆದಂತೆ ಎಂದು ಎಲ್ಲರಿಗೂ ಗೊತ್ತು. ಅವಳ ಗಂಡ ನೆಲ ನೋಡುತ್ತಿದ್ದ. ಕೆಲಸ ಕೈತಪ್ಪಿ ಹೋಯಿತೆಂದು ನಾನು ಅಂದುಕೊಂಡೆ. ಆಗ ಹಿರಿಯ ಸೊಸೆಯೇ ಬಾಯಿಬಿಟ್ಟಳು. "ಇರ್ಲಿ ಬಿಡ್ರಿ. ಒಲಿ ಎರಡಾದ್ರ ಮಾತಾದ್ರೂ ಒಂದಾಗಿರ್ತಾವು."

ಮುದುಕಿ ಆ ಚೌಕದ ಹತ್ತಿರ ಬಂದು, ಒಳಗೊಮ್ಮೆ ಕಾಲಿಟ್ಟು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಬರಕೋವ್ವಾ," ಎಂದರು. ಬರೆದುಕೊಂಡೆ.

ಅಲ್ಲಿಂದ ಕೆಲಸ ತಾನಾಗಿ ಹಬ್ಬಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಮೇಸ್ತ್ರಿಗಳೇ ನನ್ನ ಫೋನ್ ನಂಬರ್ ಕೊಡತೊಡಗಿದರು; ಕಟ್ಟಿದ್ದನ್ನು ಒಡೆಯುವ ರಗಳೆ ಅವರಿಗೂ ತಪ್ಪುತ್ತಿತ್ತು. "ಸುಣ್ಣದ ಅಕ್ಕಾರು" ಎಂದು ಹೆಸರೇ ಬಿತ್ತು. ಈಗ ಕೆಲಸಕ್ಕಾಗಿ ಕಾಯುವುದು ತಪ್ಪಿದೆ. ಆದರೂ ಸ್ವಂತ ಕೆಲಸದಲ್ಲಿ ಪೂರ್ತಿ ನಿಶ್ಚಿಂತೆ ಎಂಬುದಿಲ್ಲ. ಎರಡು ದಿನ ಫೋನ್ ಬರದಿದ್ದರೆ, ಅದು ಕೆಟ್ಟಿದೆಯೇನೋ ಎಂದು ಈಗಲೂ ಎತ್ತಿ ಎತ್ತಿ ನೋಡುತ್ತೇನೆ.

ಕಳೆದ ತಿಂಗಳು ದೊಡ್ಡ ಮನೆ ಕಟ್ಟಿಸುವ ವ್ಯಾಪಾರಿಯೊಬ್ಬರು ಬಂದಿದ್ದರು. ಮನೆಯವರನ್ನು ಕರೆತನ್ನಿ ಎಂದೆ. "ಹೆಂಗಸರನ್ನೇನು ಕೇಳೋದ್ರಿ, ನಾ ಹೇಳ್ತೀನಿ ಬರೀರಿ," ಎಂದರು. ನನ್ನಿಂದ ಆಗುವುದಿಲ್ಲ ಎಂದೆ. ಅವರು ಹೋದಮೇಲೆ, ತಪ್ಪು ಮಾಡಿದೆನೇನೋ ಎಂದು ಊಟದವರೆಗೂ ಒದ್ದಾಡಿದೆ. ಗಂಡ ಇಷ್ಟೇ ಅಂದರು, "ಇಲ್ಲ ಅನ್ನಾಕs ಅಲ್ಲೇನು ಸ್ವಂತ ಕೆಲಸ ಹಿಡದದ್ದು?"

ಮೊನ್ನೆ ಹೊಸಹಳ್ಳಿಯಿಂದ ಒಂದು ಫೋನ್ ಬಂತು. ಹೆಣ್ಣುದನಿ. "ಮನಿ ಕಟ್ಟಸ್ತೀವ್ರಿ. ನಮ್ಮವರು ಹೊಲಕ್ಕ ಹೋಗ್ಯಾರ. ನಾನs ಮಾತಾಡಬೌದೇನ್ರಿ?"

ಇಷ್ಟು ವರ್ಷಗಳಲ್ಲಿ ಹೆಣ್ಣುಮಗಳೊಬ್ಬಳು ತಾನಾಗಿ ಮಾಡಿದ ಮೊದಲ ಫೋನ್ ಅದು. ಪೆನ್ನು ಹುಡುಕುತ್ತಾ, "ಹೇಳ್ರಿ, ಮುಂಜಾನಿ ಎದ್ದ ಕೂಡ್ಲೆ ಮೊದಲ ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದೆ. ಆಕೆ ಹೇಳತೊಡಗಿದಳು.